ಶೇಂಗಾ ಕೊಟ್ಟು ನುಚ್ಚಕ್ಕಿ ತಂದವರು

ನಮ್ಮಲ್ಲಿ ನುಚ್ಚಕ್ಕಿ ಅಂದ್ರೆ ಅಗ್ಗದ ಮಾಲು. ಆದರೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನವರ ಹೆಮ್ಮೆಯ ಅಡುಗೆ ಚೆಬುಜೆನ್‌ಗೆ ಅದೇ ಬೇಕು. ಮೀನು, ಟೊಮೆಟೊ, ಗೆಣಸು, ಕ್ಯಾರೆಟ್ ಬೆಂದ ರಸದಲ್ಲೇ ನುಚ್ಚನ್ನು ಬೇಯಿಸುತ್ತಾರೆ. ರುಚಿಯೆಲ್ಲ ಅದು ಹೀರಿಕೊಳ್ಳುತ್ತದೆ. 2021ರಲ್ಲಿ ಈ ಅಡುಗೆ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿತು.

ಈ ನುಚ್ಚು ಅಲ್ಲಿಗೆ ಸುಮ್ನೆ ಬಂದದ್ದಲ್ಲ. ಆಗ ಸೆನೆಗಲ್ ಆಳುತ್ತಿದ್ದ ಫ್ರೆಂಚರಿಗೆ ಎಣ್ಣೆ, ಸೋಪಿಗೆ ಶೇಂಗಾ ಬೇಕಿತ್ತು. 1885ರಲ್ಲಿ ಡಕಾರ್‌ನಿಂದ ಸೇಂಟ್ ಲೂಯಿಗೆ ಶೇಂಗಾ ಸೀಮೆಯ ನಡುವೆಯೇ ರೈಲು ಹಾಕಿದರು. ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಶೇಂಗಾ ಪಾಲಾದವು. ಹಾಗಾದ್ರೆ ರೈತರು ತಿನ್ನೋದೇನು? ಫ್ರೆಂಚರದೇ ಇನ್ನೊಂದು ವಸಾಹತು ಇಂಡೋಚೈನಾದ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಗಿರಣಿಗಳಲ್ಲಿ ಮಿಕ್ಕ ನುಚ್ಚು! ಎರಡೂ ಕಡೆ ಲಾಭ ಅವರಿಗೇ. ಲೆಕ್ಕ ಪಕ್ಕಾ ಇತ್ತು ಬಿಡಿ.

1960ರಲ್ಲಿ ಸ್ವಾತಂತ್ರ್ಯ ಬಂತು. ನಾಲಿಗೆಗೆ ಹತ್ತಿದ ರುಚಿ ಹೋಗಲಿಲ್ಲ, ಹೊರಗಿಂದ ಅಕ್ಕಿ ತರಿಸೋದೂ ನಿಲ್ಲಲಿಲ್ಲ. 2022ರಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಲ್ಲಿಸಿದಾಗ ಸೆನೆಗಲ್ ಪರದಾಡಿತು. ಆಮೇಲೆ ನಮ್ಮ ಸರ್ಕಾರ ಅವರಿಗೆ ವಿಶೇಷ ಅನುಮತಿ ಕೊಟ್ಟು ಕಳಿಸಿತು.