ಕೇಸ್ ಶೀಟಿನ ‘ಕೂಲಿ’ ಕಾಲಂ

ಬಳ್ಳಾರಿಯ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನನ್ನ ಕೆಲಸ. ಡಿಸ್ಚಾರ್ಜ್ ಆದವರ ಕೇಸ್ ಶೀಟು ನನ್ನ ಮೇಜಿಗೆ ಬರುತ್ತದೆ. ಡಾಕ್ಟರು ಬರೆದ ಕಾಯಿಲೆಗೆ ನಾನು ಕೋಡ್ ಹಾಕಬೇಕು. ಆ ಕೋಡ್ ಪುಸ್ತಕದ ಹೆಸರು ಐಸಿಡಿ, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಸಾವಿನ ಕಾರಣಗಳ ಪಟ್ಟಿ ಮಾಡಿದ್ದರು. ಅದೇ ಬೆಳೆದು ಇವತ್ತಿನ ಐಸಿಡಿ ಆಗಿದೆ. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ. ಹನ್ನೊಂದನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಿದ್ದರೂ ನಾನು ಬಳಸುವುದು ಹತ್ತನೆಯದು.

ಅಂಟುವ ರೋಗ, ಅಂಟದ ರೋಗ ಅಂತ ಶಾಲೆಯಲ್ಲಿ ಓದಿದ್ದೆವಲ್ವಾ? ಈ ಪುಸ್ತಕ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲವನ್ನು ಕಾರಣ ನೋಡಿ ವಿಂಗಡಿಸುತ್ತದೆ, ಕೆಲವನ್ನು ಅಂಗ ನೋಡಿ. ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದರೆ ಅದು ಜೀರ್ಣಾಂಗದ ಅಧ್ಯಾಯದಲ್ಲಿ, ಕೆ00.3. ಅದೇ ನೀರು ಕುಡಿದು ಮೂಳೆ ಬಿಗಿದುಕೊಂಡರೆ ಎಂ85.1. ಅಜ್ಜ, ಮಗ, ಮೊಮ್ಮಗ ಮೂವರ ಹಲ್ಲೂ ಹಾಗೇ ಇದ್ದರೆ ಊರಲ್ಲಿ ‘ಅವರ ಮನೆತನದ್ದೇ ಹಂಗ’ ಅಂದುಬಿಡುತ್ತಾರೆ. ಮನೆತನದ್ದಲ್ಲ, ಮೂವರೂ ಕುಡಿದ ನೀರಿನದು.

ಶ್ವಾಸಕೋಶದ್ದು ಇನ್ನೂ ಸೂಕ್ಷ್ಮ. ಟಿಬಿ ಬ್ಯಾಕ್ಟೀರಿಯಾದಿಂದ ಬರುವುದು, ಹಾಗಾಗಿ ಸೋಂಕಿನ ಅಧ್ಯಾಯದಲ್ಲಿ ಎ15. ಕಲ್ಲಿನ ಧೂಳು ಸೇರಿ ಬರುವ ಸಿಲಿಕೋಸಿಸ್ ಜೆ62. ಎರಡರಲ್ಲೂ ಕೆಮ್ಮು, ದಮ್ಮು, ಮೈ ಇಳಿಯುವುದು.

ಒಮ್ಮೆ ಒಬ್ಬ ಹೆಣ್ಣುಮಗಳು ಗಂಡನ ಫೈಲಿನ ನಕಲು ಕೇಳಲು ಬಂದಿದ್ದರು. ಕಾಯಿಲೆಯ ಜಾಗದಲ್ಲಿ ‘ಹಳೇ ಕೆಮ್ಮು, ಟಿಬಿ ಶಂಕೆ’. ಉದ್ಯೋಗದ ಕಾಲಂನಲ್ಲಿ ‘ಕೂಲಿ’. ಏನು ಕೂಲಿ ಅಂತ ಕೇಳಿದೆ.

“ಕ್ರಷರ್‌ನ್ಯಾಗ ಅಣ್ಣಾ. ಮದುವಿ ಆದಾಗಿಂದ ಅದ ಕೆಲಸ. ಇದು ಹುಡುಗರಿಗೆ ಅಂಟ್ತೈತೇನ್ರಿ?”

ಅವರಿಗೆ ಬೇಕಿದ್ದದ್ದು ಅದೊಂದೇ ಉತ್ತರ. ಅದನ್ನು ಹೇಳಬೇಕಾದವರು ಡಾಕ್ಟರು. ಫೈಲ್ ಹಿಡಿದು ಆ ಹೆಣ್ಣುಮಗಳ ಜೊತೆ ವಾರ್ಡಿಗೆ ಹೋದೆ. ಕ್ರಷರ್ ಅಂದ ಕೂಡಲೇ ಡಾಕ್ಟರು ಎಕ್ಸ್‌ರೇ ಮತ್ತೆ ಬೆಳಕಿಗೆ ಹಿಡಿದರು, ಕಫ ಪರೀಕ್ಷೆಗೂ ಬರೆದರು. ಧೂಳು ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಬೇಗ ತಗಲುತ್ತದೆ. ಎರಡೂ ಇದ್ದರೆ ಪುಸ್ತಕದಲ್ಲಿ ಅದಕ್ಕೇ ಬೇರೆ ಕೋಡ್ ಇದೆ, ಜೆ65.

ಕೋಡ್ ಯಾವುದಾದರೇನು ಅಂತ ಸುಮ್ನೆ ಬಿಡುವ ವಿಷಯ ಅಲ್ಲ ಇದು. ಸಾಮಾನ್ಯ ಟಿಬಿ ಆರು ತಿಂಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ಆ ಮನುಷ್ಯ ಧೂಳಿನ ಕೆಲಸ ಬಿಡಲೇಬೇಕು. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಟಿಬಿ ಅಂತಷ್ಟೇ ಬರೆದರೆ ಆ ಧೂಳಿಗೆ ಯಾರೂ ಹೊಣೆಯೇ ಆಗುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಸಾವಿನ ಕಾರಣ ಬರೆಯುವ ಫಾರಂ 4ರಲ್ಲೂ ಇದೇ ತೊಂದರೆ. ‘ಹೃದಯ, ಉಸಿರಾಟ ನಿಂತು ಸಾವು’ ಅಂತ ಬರೆದು ಕಳಿಸುತ್ತಾರೆ. ಯಾರೇ ಸತ್ತರೂ ಅವೆರಡು ನಿಲ್ಲುತ್ತವೆ! ಕೆಳಗಿನ ಸಾಲುಗಳಲ್ಲಿ ಮೂಲ ಕಾರಣ ಬರೆಯಬೇಕು. ಲೆಕ್ಕಕ್ಕೆ ಹಿಡಿಯುವುದು ಅದನ್ನೇ.

ನಿಮ್ಮ ಮನೆಯವರನ್ನು ಅಡ್ಮಿಟ್ ಮಾಡುವಾಗ ಬರೀ ಕೂಲಿ ಅಂತ ಬರೆಸಬೇಡಿ. ಗಣಿಯೋ, ಕ್ರಷರೋ, ಭತ್ತದ ಗದ್ದೆಯೋ, ಎಷ್ಟು ವರ್ಷ ಮಾಡಿದರು ಅನ್ನುವುದನ್ನೂ ಹೇಳಿ. ಕುಡಿಯುವ ನೀರು ಎಲ್ಲಿಯದು ಅಂತಲೂ ಹೇಳಿ. ಬರೆದುಕೊಳ್ಳುವವರು ಅವಸರದಲ್ಲಿದ್ದರೆ ಇನ್ನೊಂದು ಸಲ ಹೇಳಿ.