ಅಮರಿಲ್ಲೊ ದಾರಿಯಲ್ಲಿ ಒಂದು ಪಿಕಪ್

ಅಕ್ಕನ ಮನೆ ಇರೋದು ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರದ ಫ್ರಿಸ್ಕೊದಲ್ಲಿ. ಅಲ್ಲಿಗೆ ಹೋದ ಮೊದಲ ವಾರ ನಾನು ಊರು ನೋಡಿದ್ದಕ್ಕಿಂತ ಪಾರ್ಕಿಂಗ್ ಜಾಗ ನೋಡಿದ್ದೇ ಜಾಸ್ತಿ. ದಿನಸಿ ಅಂಗಡಿ ಮುಂದೆ ಸಾಲಾಗಿ ಟ್ರಕ್ಕುಗಳು. ಅಲ್ಲಿ ಟ್ರಕ್ ಅಂದರೆ ನಮ್ಮ ಲಾರಿಯಲ್ಲ, ಪಿಕಪ್. ಕೆಲವದರ ಬಾನೆಟ್ ನನ್ನ ಎದೆಮಟ್ಟಕ್ಕೆ ಬರುತ್ತಿತ್ತು.

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದವನು ನಾನು. ಸ್ಟೇರಿಂಗ್ ಹಿಡಿದು ಕಲಿತಿದ್ದು ಅಪ್ಪನ ಮಹೀಂದ್ರ ಜೀಪಿನಲ್ಲಿ. ಮೂಟೆ ಹೊರುವ ಗಾಡಿ ಅಂದರೆ ನನಗೆ ಈಗಲೂ ಪ್ರಾಣ. ಅದಕ್ಕೇ ಭಾವ ತಮ್ಮ ಫೋರ್ಡ್ ಎಫ್-150 ಪಿಕಪ್ಪಿನ ಕೀ ಕೊಟ್ಟು, "ಅಮರಿಲ್ಲೊವರೆಗೂ ಹೋಗಿ ಬರೋಣ, ನೀನೇ ಓಡಿಸು ಮಾರಾಯ" ಅಂದಾಗ ರಾತ್ರಿ ನಿದ್ದೆಯೇ ಬರಲಿಲ್ಲ.

ಬೆಳಿಗ್ಗೆ ಐದಕ್ಕೆ ಹೊರಟೆವು. ನಾನು, ಭಾವ, ಹಿಂದಿನ ಸೀಟಿನಲ್ಲಿ ಅಕ್ಕನ ಆರು ವರ್ಷದ ಮಗ. ಡೆಂಟನ್ ದಾಟಿ ಡೆಕೇಟರ್‌ನಲ್ಲಿ 287ನೇ ಹೈವೇ ಹಿಡಿದರೆ ಅಮರಿಲ್ಲೊವರೆಗೂ ಅದೇ ರಸ್ತೆ. ಒಟ್ಟು ಸುಮಾರು 570 ಕಿಲೋಮೀಟರ್. ಊರು ಬಿಟ್ಟ ಮೇಲೆ ವೇಗದ ಮಿತಿ 75 ಮೈಲಿ, ಅಂದರೆ ಗಂಟೆಗೆ 120 ಕಿಲೋಮೀಟರ್. ವಿಚಿಟಾ ಫಾಲ್ಸ್ ಅನ್ನೋ ಊರು ಆದ ಮೇಲೆ ಎಣ್ಣೆ ಬಾವಿಯ ಪಂಪುಗಳು, ಆಮೇಲೆ ಹತ್ತಿ ಹೊಲ, ಗಾಳಿಯಂತ್ರ. ಈ ನೆಲದಲ್ಲಿ ಗಾಡಿ ದೊಡ್ಡದು ಅನ್ನಿಸುವುದೇ ಇಲ್ಲ. ನಾಲ್ಕು ಬಾಗಿಲಿನ ಈ ಎಫ್-150 ಉದ್ದ ಹೆಚ್ಚುಕಮ್ಮಿ 5.9 ಮೀಟರ್. ಇದನ್ನು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನೆನೆಸಿಕೊಳ್ಳಿ!

ಇಷ್ಟು ದೊಡ್ಡ ಗಾಡಿಗೆ 2015ರ ಮಾಡೆಲ್‌ನಿಂದ ಉಕ್ಕಿನ ಬದಲು ಅಲ್ಯೂಮಿನಿಯಂ ಮೈ ಕೊಟ್ಟಿದ್ದು ಫೋರ್ಡ್‌ನ ಗಟ್ಟಿ ಧೈರ್ಯ ಅಂತ ನನ್ನ ಅಭಿಪ್ರಾಯ. ಎಫ್-150 ಸೇರಿರುವ ಎಫ್-ಸೀರೀಸ್ 1977ರಿಂದಲೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅಂಥದ್ದರ ಮೇಲೆ ಯಾರಾದರೂ ಪ್ರಯೋಗ ಮಾಡುತ್ತಾರಾ? ಅವರು ಮಾಡಿದರು. ಅಡಿಯ ಛಾಸಿ ಮಾತ್ರ ಉಕ್ಕಿನದೇ, ಅಪ್ಪನ ಜೀಪಿನ ಹಾಗೆ ಏಣಿಯಂಥ ಚೌಕಟ್ಟು.

ಆದರೆ ನನ್ನ ಮನಸ್ಸು ಗೆದ್ದಿದ್ದು ಒಳಗಡೆ. ಮೊದಲ ಎರಡು ದಿನ ನಾನು ಅಕ್ಕನ ಮೂರು ಸಾಲಿನ ಎಸ್‌ಯುವಿ ಓಡಿಸಿದ್ದೆ. ಕಂಪನಿ ಹೆಸರು ಬೇಡ. ನೋಡೋಕೆ ತುಂಬಾ ಚೆಂದ. ಎಲ್ಲೆಲ್ಲೂ ಹೊಳೆಯುವ ಕಪ್ಪು ಪ್ಲಾಸ್ಟಿಕ್, ಮುಟ್ಟಿದಲ್ಲೆಲ್ಲಾ ಬೆರಳಚ್ಚು. ಎಸಿ ಗಾಳಿ ಆ ಕಡೆ ತಿರುಗಿಸಬೇಕೆಂದರೂ ಸ್ಕ್ರೀನ್ ಒಳಗೆ ಹೋಗಿ ಹುಡುಕಬೇಕು. ಓಡುವ ಗಾಡಿಯಲ್ಲಿ ಕಣ್ಣು ರಸ್ತೆ ಬಿಟ್ಟು ಅಲ್ಲಿಗೆ ಹೋಗುತ್ತದೆ. ಇದು ತಪ್ಪು. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಟ್ರಕ್ಕಿನಲ್ಲಿ ಹಾಗಲ್ಲ. ದಪ್ಪ ದಪ್ಪ ಗುಂಡಿಗಳು. ಅವು ಯಾಕೆ ಅಷ್ಟು ದಪ್ಪ ಅಂತ ದಾರಿಯ ಚಿಲ್ಡ್ರೆಸ್ ಊರಿನ ಪೆಟ್ರೋಲ್ ಬಂಕಿನಲ್ಲಿ ಗೊತ್ತಾಯಿತು. ಪಕ್ಕದ ಪಂಪಿಗೆ ಒಬ್ಬ ವಯಸ್ಸಾದ ರೈತರು ಬಂದರು. ಅವರ ಟ್ರಕ್ಕಿನ ಡ್ಯಾಶ್‌ಬೋರ್ಡ್ ತುಂಬಾ ಕೆಂಪು ಧೂಳು, ತಂತಿ ಕತ್ತರಿಸುವ ಇಕ್ಕಳ. ಕೈಯಲ್ಲಿ ಚರ್ಮದ ಗ್ಲೌಸ್. ಅದನ್ನು ಬಿಚ್ಚದೇ ಫ್ಯಾನ್ ಗುಂಡಿ ತಿರುಗಿಸಿದರು, ರೇಡಿಯೋ ಸಣ್ಣ ಮಾಡಿದರು. ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಕೆಸರುಗೈಯಲ್ಲಿ ಗೇರ್ ಹಾಕುತ್ತಿದ್ದ ಅಪ್ಪ ನೆನಪಾದರು. ದುಡಿಯುವವರ ಕೈ ನೋಡಿ ಮಾಡಿದ ಒಳಾಂಗಣವೇ ಚೆಂದ.

ಭಾವನ ಗಾಡಿಯಲ್ಲಿ ಒಂದು ಗುಂಡಿ ಒತ್ತಿದರೆ ಗೇರ್ ಲಿವರ್ ಮಡಚಿಕೊಂಡು ಮಲಗುತ್ತದೆ. ನಡುವಿನ ಮುಚ್ಚಳ ಅದರ ಮೇಲೆ ಮಗುಚಿದರೆ ಸಮತಟ್ಟಾದ ಮೇಜು ರೆಡಿ. ಚಿಲ್ಡ್ರೆಸ್‌ನಲ್ಲಿ ಅದರ ಮೇಲೇ ತಟ್ಟೆ ಇಟ್ಟು ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ ತಿಂದೆವು. ಹಿಂದಿನ ಸೀಟಿನ ಅಡಿಭಾಗ ಮೇಲೆತ್ತಿದರೆ ಕೆಳಗೆ ಸಾಮಾನಿಗೆ ಬೇಕಾದಷ್ಟು ಜಾಗ.

"ನಮ್ಮ ಬೊಲೆರೊ ಪಿಕಪ್ ಥರದ್ದು ಇಲ್ಲಿ ಯಾಕಿಲ್ಲ ಭಾವ?" ಅಂದೆ.

"ಕೋಳಿ ಮಾರಾಯ, ಕೋಳಿ!" ಅಂದರು.

ಅದು ನಿಜ. 1960ರ ದಶಕದ ಶುರುವಿನಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು. ಅದಕ್ಕೆ ಪ್ರತಿಯಾಗಿ ಅಮೆರಿಕ 1964ರಿಂದ ಹೊರಗಿನ ಟ್ರಕ್ಕುಗಳ ಮೇಲೆ 25% ಸುಂಕ ಹಾಕಿತು. ಕೋಳಿ ಜಗಳ ಮುಗಿದರೂ ಟ್ರಕ್ಕಿನ ಸುಂಕ ಹೋಗಲಿಲ್ಲ. ಹೊರಗಿನ ಸಣ್ಣ ಪಿಕಪ್ಪುಗಳಿಗೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಹೋಯಿತು. ಟೊಯೋಟಾದವರು ಕೂಡ ತಮ್ಮ ದೊಡ್ಡ ಪಿಕಪ್ ಟಂಡ್ರಾವನ್ನು ಇದೇ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲೇ ತಯಾರಿಸುತ್ತಾರೆ.

ಎಸ್‌ಯುವಿಗಳನ್ನೆಲ್ಲಾ ನಾನು ತಳ್ಳಿಹಾಕುವುದಿಲ್ಲ. ಷೆವರ್ಲೆ ಸಬರ್ಬನ್ ಅನ್ನೋ ಹೆಸರು 1935ರಿಂದ ಇದೆ. ಈಗ ಅದು ತಯಾರಾಗೋದು ಡಾಲಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ. 2021ರ ಮಾಡೆಲ್‌ನಲ್ಲಿ ಹಿಂದಿನ ಚಕ್ರಗಳನ್ನು ಸೇರಿಸುವ ಗಟ್ಟಿ ಆ್ಯಕ್ಸಲ್ ತೆಗೆದು ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟರು. ಅದರಿಂದ ನೆಲ ಕೆಳಗಿಳಿಯಿತು. ಮೂರನೇ ಸಾಲಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಕೂರುವುದು ತಪ್ಪಿತು. ಇಂಥ ಬದಲಾವಣೆ ನನಗೆ ದೊಡ್ಡ ಸ್ಕ್ರೀನಿಗಿಂತ ಮೇಲು.

ಅಮರಿಲ್ಲೊ ಪಶ್ಚಿಮಕ್ಕೆ ಕ್ಯಾಡಿಲಾಕ್ ರ್‍ಯಾಂಚ್. 1974ರಲ್ಲಿ ಕಲಾವಿದರು ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗೆ ಮಾಡಿ ಹೊಲದಲ್ಲಿ ಹೂತಿದ್ದಾರೆ. ಬಂದವರೆಲ್ಲಾ ಬಣ್ಣ ಹೊಡೆದು ಹೊಡೆದು ಪದರ ದಪ್ಪಗಾಗಿದೆ. ಹುಡುಗ ಖುಷಿಪಟ್ಟ. ನನಗೆ ಆ ಕಾರುಗಳನ್ನು ನೋಡಿ ಹೊಟ್ಟೆ ಉರಿಯಿತು, ಬೇಗ ಹೊರಟುಬಿಟ್ಟೆ.

ಪಾಲೊ ಡ್ಯೂರೊ ಕಣಿವೆ ಹಾಗಲ್ಲ. ಮಟ್ಟಸ ನೆಲ ಒಮ್ಮೆಲೇ ಸೀಳಿಕೊಂಡು ಸುಮಾರು 800 ಅಡಿ ಕೆಳಗೆ ಕೆಂಪು ಬಂಡೆ. ಅಲ್ಲಿನ ಪಾರ್ಕಿಂಗ್‌ನಲ್ಲಿ ಒಂದು ಕ್ಷಣ ಜೀವ ಹೋದಂತಾಯಿತು. ಹುಡುಗ ಓಡಿದ. ಹೊರಡುತ್ತಿದ್ದ ಇನ್ನೊಂದು ಟ್ರಕ್ಕಿನ ಮುಂದೆ ಹೋಗಿ ನಿಂತ. ಅದನ್ನು ಚಕ್ರ ಬದಲಿಸಿ ಇನ್ನೂ ಎತ್ತರ ಮಾಡಿಸಿದ್ದರು. ಭಾವ ಕೂಗಿದ್ದಕ್ಕೆ ಗಾಡಿ ನಿಂತಿತು. ಇಳಿದು ಬಂದ ಹೆಂಗಸಿನ ಕೈ ನಡುಗುತ್ತಿತ್ತು. ಅವರಿಗೆ ಮಗು ಕಾಣಿಸಿರಲೇ ಇಲ್ಲ. ಬಾನೆಟ್ ಇಷ್ಟು ಎತ್ತರ ಯಾಕಿರಬೇಕು? ಟ್ರಕ್ಕುಗಳನ್ನು ಇಷ್ಟಪಡುವ ನಾವೇ ಇದನ್ನು ಜೋರಾಗಿ ಕೇಳಬೇಕು.

ಸಂಜೆ ಟೇಲ್‌ಗೇಟ್, ಅಂದರೆ ಹಿಂದಿನ ಬಾಗಿಲು, ಇಳಿಸಿದೆವು. ಅದರ ಒಳಮೈಯಲ್ಲಿ ಬಡಗಿಯ ಕೆಲಸಕ್ಕೆ ಅಂತ ಸ್ಕೇಲಿನ ಗೆರೆ ಇದೆ, ಪೆನ್ಸಿಲ್ ಇಡಲು ಜಾಗವಿದೆ. ಸಾಮಾನು ಹೇರುವ ಬೆಡ್ಡಿನ ಗೋಡೆಯಲ್ಲಿ ಕರೆಂಟ್ ಪ್ಲಗ್. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹಿಮಕ್ಕೆ ಕರೆಂಟ್ ಹೋದಾಗ ಕೆಲವರು ಇಂಥ ಟ್ರಕ್ಕಿನಿಂದಲೇ ಮನೆ ಹೀಟರ್ ಉರಿಸಿದ್ದರು. ಭಾವ ಅದಕ್ಕೆ ಕೆಟಲ್ ಸಿಕ್ಕಿಸಿದರು. ನಾನು ಊರಿಂದ ತಂದಿದ್ದ ನಮ್ಮ ತೋಟದ ಪುಡಿಯನ್ನು ಫಿಲ್ಟರಿಗೆ ಹಾಕಿ, ಆ ಗೆರೆಗಳ ಮೇಲೆ ಇಟ್ಟು, ಡಿಕಾಕ್ಷನ್ ಇಳಿಯುವುದನ್ನೇ ನೋಡುತ್ತಾ ಕೂತೆ.