ಹತ್ತು ನಿಮಿಷದ ಟ್ಯೂಬ್‌ಲೈಟ್

ನಮ್ಮ ಲ್ಯಾಬಿನಲ್ಲಿ ಹಣ್ಣಿನ ನೊಣ ಸಾಕುತ್ತೇವೆ. ಮಾಗಿದ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅವೇ. ಒಂದೊಂದನ್ನು ಒಂದೊಂದು ಸಣ್ಣ ಗಾಜಿನ ಕೊಳವೆಗೆ ಬಿಡುತ್ತೇವೆ. ಕೊಳವೆಯ ನಡುವೆ ಇನ್‌ಫ್ರಾರೆಡ್ ಕಿರಣ. ನೊಣ ಅದನ್ನು ದಾಟಿದಾಗಲೆಲ್ಲ ಕಂಪ್ಯೂಟರಿನಲ್ಲಿ ಒಂದು ಎಣಿಕೆ ಬೀಳುತ್ತದೆ.

ಬೆಳಿಗ್ಗೆ 8ಕ್ಕೆ ಲೈಟ್ ಹತ್ತಿ ರಾತ್ರಿ 8ಕ್ಕೆ ಆರುವಂತೆ ಕೆಲವು ದಿನ ಇಟ್ಟು, ಆಮೇಲೆ ಪೂರ್ತಿ ಕತ್ತಲು ಮಾಡುತ್ತೇವೆ. ಆದರೂ ಸಂಜೆಯ ಹೊತ್ತಿಗೆ ಓಡಾಟ ಜಾಸ್ತಿಯಾಗುತ್ತದೆ. ಗಡಿಯಾರ ಮಿದುಳಿನೊಳಗೇ ಇದೆ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಪುಟ್ಟ ನರಕೋಶಗಳು ಪಿಡಿಎಫ್ ಎಂಬ ಪೆಪ್ಟೈಡ್ (ಸಂದೇಶ ಒಯ್ಯುವ ಪುಟ್ಟ ಪ್ರೋಟೀನು) ಬಿಟ್ಟು ಉಳಿದ ಗಡಿಯಾರ ಕೋಶಗಳನ್ನು ಜೊತೆಯಲ್ಲಿ ನಡೆಸುತ್ತವೆ. ಪಿಡಿಎಫ್ ಇಲ್ಲದ ನೊಣಗಳಲ್ಲಿ ಹೆಚ್ಚಿನವು ಕತ್ತಲಲ್ಲಿ ಕೆಲವೇ ದಿನಕ್ಕೆ ಲಯ ಕಳೆದುಕೊಳ್ಳುತ್ತವೆ. ಎಷ್ಟು ಸಲ ನೋಡಿದರೂ ನನಗಿದು ಅಚ್ಚರಿಯೇ.

ನಾನು ಸೇರಿದ ಹೊಸತು. ಕತ್ತಲಿನ ಮೂರನೇ ರಾತ್ರಿ, ಹತ್ತೂವರೆಗೆ, ಕರೆಂಟ್ ಹೋಗಿ ಬಂತು. ಮಾನಿಟರ್ ನಡೆಯುತ್ತಿದೆಯಾ ಅಂತ ನೋಡಲು ಹೋದೆ. ಕೆಂಪು ಟಾರ್ಚ್ ಕೈಗೆ ಸಿಗಲಿಲ್ಲ. ಟ್ಯೂಬ್‌ಲೈಟ್ ಹಾಕಿ, ವೈರ್ ಸರಿಮಾಡಿ, ಹತ್ತು ನಿಮಿಷಕ್ಕೆ ಹೊರಗೆ ಬಂದೆ. ಪುಸ್ತಕದಲ್ಲಿ ಬರೆಯಲಿಲ್ಲ. ಸುಮ್ನೆ ಹತ್ತು ನಿಮಿಷ, ಏನಾಗುತ್ತದೆ ಅಂದುಕೊಂಡಿದ್ದೆ.

ವಾರದ ನಂತರ ಗ್ರಾಫ್ ತೆಗೆದೆವು. ಸಾಮಾನ್ಯ ನೊಣಗಳ ಸಂಜೆಯ ಓಡಾಟ ನಾಲ್ಕನೇ ದಿನದಿಂದ ಗಂಟೆಗಟ್ಟಲೆ ತಡವಾಗಿತ್ತು, ಹಾಗೇ ಮುಂದುವರಿದಿತ್ತು. ಪಕ್ಕದ ಸಾಲಿನಲ್ಲಿ, ಬೆಳಕನ್ನು ಗುರುತಿಸುವ ಕ್ರಿಪ್ಟೋಕ್ರೋಮ್ ಕೆಟ್ಟಿರುವ ನೊಣಗಳಿದ್ದವು. ಅವುಗಳ ಓಡಾಟದ ಹೊತ್ತು ಕದಲಿರಲೇ ಇಲ್ಲ. ಸೀನಿಯರ್ ಎರಡೂ ಸಾಲು ನೋಡಿ, "ಮೂರನೇ ರಾತ್ರಿ ಯಾರಾದರೂ ಲೈಟ್ ಹಾಕಿದ್ರಾ?" ಅಂದರು. ನನ್ನ ಕೈಕಾಲು ತಣ್ಣಗಾಯಿತು. ನಾನೇ ಅಂತ ಹೇಳಿದೆ.

ಅವರು ಬೈಯಲಿಲ್ಲ, ಕೂರಿಸಿ ವಿವರಿಸಿದರು. ಕ್ರಿಪ್ಟೋಕ್ರೋಮ್ ಗಡಿಯಾರದ ಕೋಶಗಳೊಳಗೇ ಇರುವ ಪ್ರೋಟೀನು. ನೀಲಿ ಬೆಳಕು ಬಿದ್ದರೆ ಅದು ಟೈಮ್‌ಲೆಸ್ ಎಂಬ ಇನ್ನೊಂದು ಪ್ರೋಟೀನಿನ ನಾಶಕ್ಕೆ ಕಾರಣವಾಗುತ್ತದೆ. ಮುಸ್ಸಂಜೆ ಕಳೆದ ಮೇಲೆ ಟೈಮ್‌ಲೆಸ್ ಇನ್ನೂ ಕೂಡಿಕೊಳ್ಳುತ್ತಿರುತ್ತದೆ. ಆಗ ಅದು ಹೋದರೆ ಮತ್ತೆ ಕೂಡಬೇಕು, ಗಡಿಯಾರ ಹಿಂದೆ ಬೀಳುತ್ತದೆ. ಬೆಳಗಿನ ಜಾವ ಟೈಮ್‌ಲೆಸ್ ಹೇಗೂ ಕರಗುವ ಹೊತ್ತು. ಆಗ ಬೆಳಕು ಬಿದ್ದಿದ್ದರೆ ಗಡಿಯಾರ ಮುಂದೆ ಹೋಗುತ್ತಿತ್ತು. ಕೆಂಪು ಬೆಳಕಿಗೆ ಕ್ರಿಪ್ಟೋಕ್ರೋಮ್ ಏಳುವುದಿಲ್ಲ. ಟಾರ್ಚ್ ಕೆಂಪಗಿರುವುದು ಅದಕ್ಕೇ ಅಲ್ವಾ!

ಮೊಟ್ಟೆಯಿಂದ ಮತ್ತೆ ಶುರುಮಾಡಿದೆವು. ನೊಣ ಹೊರಬರಲು 25 ಡಿಗ್ರಿಯಲ್ಲಿ ಸುಮಾರು ಹತ್ತು ದಿನ. ಆ ಹತ್ತು ದಿನದಲ್ಲಿ ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಟೇಪ್ ಅಂಟಿಸಿ, ಬಾಗಿಲ ಪಕ್ಕ ಎರಡು ಕೆಂಪು ಟಾರ್ಚ್ ಮತ್ತು ಒಂದು ಪುಸ್ತಕ ದಾರ ಕಟ್ಟಿ ತೂಗುಹಾಕಿದೆ. ಅದರ ಮೊದಲ ಪುಟದಲ್ಲಿ ಆ ರಾತ್ರಿಯ ತಾರೀಖು, ಹತ್ತೂವರೆ, ಹತ್ತು ನಿಮಿಷ, ನನ್ನ ಹೆಸರು.